ಸ್ಟೇಟ್ ಲೈನ್ ರಸ್ತೆಯ ಆ ಬದಿ

ಎಲ್ಲಿಂದ ಶುರು ಮಾಡಲಿ? ಕೊಟ್ಟ ಒಂದು ಮಾತಿನಿಂದಲೇ ಮಾಡುತ್ತೇನೆ. ಮದುವೆಯಾದ ಹೊಸತರಲ್ಲಿ, ಕ್ಯಾನ್ಸಸ್ ಬದಿಯ ಮನೆಯ ಮೆಟ್ಟಿಲ ಮೇಲೆ ಕೂತು ರಾಯ್ಸ್ ತನ್ನ ಹೆಂಡತಿಗೆ ಹೇಳಿದ್ದ:

"ನೋಡು ವರ್ಲಾ, ಕೆಲಸ ಮಿಸೌರಿಯಲ್ಲಿ ಸಿಕ್ತು ಅಂತ ಹೋಗ್ತಿದೀನಿ, ಅಷ್ಟೆ. ಅಲ್ಲೇನಾದ್ರೂ ಸತ್ತುಬಿದ್ರೆ ನನ್ನನ್ನ ಅವರ ಕೈಲಿ ಬಿಟ್ಟುಬಿಡಬೇಡ. ಈ ಕಡೆಗೆ ಕರ್ಕೊಂಡು ಬಾ."

"ಒಂದು ರಸ್ತೆ ದಾಟೋಕೆ ಇಷ್ಟು ನಾಟಕಾನಾ? ಆಯ್ತು ಕಣೋ, ಕರ್ಕೊಂಡು ಬರ್ತೀನಿ. ಮಾತು ಕೊಟ್ಟೆ."

(ಇಬ್ಬರೂ ನಕ್ಕರು ಎಂದು ಬರೆದಿದ್ದೆ. ಹೊಡೆದುಹಾಕಿದೆ. ನಕ್ಕವಳು ವರ್ಲಾ ಒಬ್ಬಳೇ.)

೧

ಮೊದಲ ಕರಡು ಒಂದು ಪ್ರೇಮಕಥೆ. ರಸ್ತೆಯ ನಡುವಿನ ಹಳದಿ ಗೆರೆಯೇ ಕ್ಯಾನ್ಸಸ್, ಮಿಸೌರಿ ಎರಡೂ ರಾಜ್ಯಗಳ ಗಡಿ. ಈ ಬದಿ ಅವರ ಮನೆ, ಆ ಬದಿ ರಾಯ್ಸ್ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ. ಅಡುಗೆಮನೆಯ ಕಿಟಕಿಯಿಂದ ಅವನ ಮೇಜಿನ ದೀಪ ಕಾಣುತ್ತದೆ. ಸಂಜೆ ಆ ದೀಪ ಆರಿದರೆ ವರ್ಲಾ ಒಲೆ ಹಚ್ಚುತ್ತಾಳೆ. ಅವನು ರಸ್ತೆಯಂಚಿಗೆ ಬಂದು, ಊಟದ ಡಬ್ಬಿ ಎತ್ತಿ ತೋರಿಸಿ, ದಾಟಿ ಬರುತ್ತಾನೆ.

ಕೈಬಿಟ್ಟೆ. ಸುಖವಾಗಿರುವವರಿಗೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ.

೨

ಎರಡನೆಯ ಕರಡಿನಲ್ಲಿ ಆದಾಯ ತೆರಿಗೆ ಬರುತ್ತದೆ. (ಓದುಗರೇ, ಪುಟ ತಿರುಗಿಸಬೇಡಿ. ದೆವ್ವ ಬರುವುದೂ ಇಲ್ಲೇ.)

ಈ ರಸ್ತೆಯವರು ಎರಡು ರಾಜ್ಯಗಳಿಗೆ ರಿಟರ್ನ್ ಸಲ್ಲಿಸುತ್ತಾರೆ. ದುಡಿದ ರಾಜ್ಯಕ್ಕೊಂದು, ಮಲಗಿ ಏಳುವ ರಾಜ್ಯಕ್ಕೊಂದು. ಅದಕ್ಕೊಂದು ಕ್ರಮವಿದೆ. ದುಡಿದ ಕಡೆಯದನ್ನು ಮೊದಲು ಮುಗಿಸಬೇಕು. ಅಲ್ಲಿ ಕಟ್ಟಿದ್ದನ್ನು ಮನೆಯ ಕಡೆಯವರು ಆಮೇಲೆ ತಮ್ಮ ಲೆಕ್ಕದಲ್ಲಿ ಕಳೆದುಕೊಡುತ್ತಾರೆ. ಪ್ರತಿ ಮಾರ್ಚಿನಲ್ಲೂ ರಾಯ್ಸ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಅದನ್ನೇ ಗೊಣಗುತ್ತಿದ್ದ: "ಮೊದಲು ಅವರದ್ದು, ಆಮೇಲೆ ನಮ್ಮದು."

ವರ್ಲಾ ಅದನ್ನು ಬದುಕಿಡೀ ಕೇಳಿದ್ದಳು. ಕಿವಿಗೆ ಹಾಕಿಕೊಂಡಿರಲಿಲ್ಲ.

ಹೋದ ವರ್ಷಕ್ಕೂ ಹಿಂದಿನ ಶರತ್ಕಾಲದಲ್ಲಿ ರಾಯ್ಸ್ ಉಜ್ಜುತ್ತಿದ್ದ ಗಾಜಿನ ಮೇಲೇ ತಲೆಯಿಟ್ಟು ಸತ್ತ. ವರ್ಲಾ ಹೆಣವನ್ನು ಅಂದೇ ಗೆರೆ ದಾಟಿಸಿ ತಂದು ಈ ಬದಿಯ ಮಣ್ಣಿಗೆ ಕೊಟ್ಟಳು. ಮಾತು ಉಳಿಸಿಕೊಂಡೆ ಎಂದುಕೊಂಡಳು. ಮಾರ್ಚ್ ಬಂದಾಗ ಅವನ ಕುರ್ಚಿಯಲ್ಲಿ ಕೂತು ಮನೆಯ ರಾಜ್ಯದ ರಿಟರ್ನ್ ತುಂಬಿದಳು, ಅವನ ಹೆಸರಿನ ಪಕ್ಕ 'ಮೃತ' ಎಂದು ಬರೆದಳು, ಪೆನ್ನು ಮುಚ್ಚಿಟ್ಟಳು. ಅವರದ್ದು ಹಾಗೇ ಉಳಿಯಿತು.

ಮರುದಿನ ಸಂಜೆ ಆ ಬದಿಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

೩

ಮುಂದಿನ ಜನವರಿಯಲ್ಲಿ ಕಾರ್ಖಾನೆಯಿಂದ ರಾಯ್ಸ್ ಹೆಸರಿಗೆ ಸಂಬಳದ ಚೀಟಿ ಬಂತು, ಅವನು ಸತ್ತ ಮೇಲಿನ ಇಡೀ ವರ್ಷದ್ದು. ವರ್ಲಾ ಫೋನ್ ಮಾಡಿದಳು. ಎತ್ತಿದವನು ಗ್ಲೆನ್, ರಾಯ್ಸ್‌ನ ಪಕ್ಕದ ಮೇಜಿನವನು.

"ರಾಯ್ಸಾ? ಬರ್ತಿದಾನಲ್ಲ. ಮೊದಲಿನ ಹಾಗೆ ಕೀಟಲೆ ಮಾಡಲ್ಲ, ಅಷ್ಟೆ. ಯಾಕೆ, ಮನೇಲಿ ಏನಾದ್ರೂ ಜಗಳಾನಾ?"

"ಗ್ಲೆನ್, ಅವನ ಪೆಟ್ಟಿಗೆಗೆ ಹೆಗಲು ಕೊಟ್ಟವನು ನೀನೇ."

ಆ ಕಡೆ ಅವನು ಗಾಜು ಉಜ್ಜುತ್ತಲೇ ಇದ್ದ.

"ಅದು ನಿಮ್ಮ ಕಡೆ ಅಲ್ವಾ ವರ್ಲಾ," ಎಂದ ಗ್ಲೆನ್.

(ಇಲ್ಲಿ ನಿಲ್ಲಿಸಿ ಎದ್ದು ಹೋಗಿ ಮಗಳ ಯೂನಿಫಾರ್ಮ್ ಒಣಹಾಕಿ ಬಂದೆ. ಬರುವಷ್ಟರಲ್ಲಿ ವರ್ಲಾ ನನಗಾಗಿ ಕಾಯುತ್ತಿದ್ದಳು.

"ನೀನೂ ಈ ರಸ್ತೆ ದಾಟಿಯೇ ಕೆಲಸಕ್ಕೆ ಹೋಗೋಳು ತಾನೆ?" ಎಂದಳು. "ದಿನಾ ನೋಡ್ತೀಯ ಅವನನ್ನ. ನೋಡಿಲ್ಲ ಅಂತ ಬರೀಬೇಡ."

ನಾನು ಬರೆಯುವವಳು, ನೋಡುವವಳಲ್ಲ ಎಂದೆ.

"ಹೂಂ. ದೊಡ್ಡ ಕೆಲಸ.")

೪

ತೆರಿಗೆ ಕಾಲದಲ್ಲಿ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಓಪಲ್ ಎಂಬ ನಿವೃತ್ತ ಟೀಚರು ಕೂತು ಜನರ ರಿಟರ್ನ್ ತುಂಬಿಕೊಡುತ್ತಾರೆ. ಅವರು ಕಾಗದ ತಿರುವಿ ಕನ್ನಡಕ ತೆಗೆದರು.

"ಮನೇದು ಮೊದಲು ಮಾಡಿಬಿಟ್ಯಲ್ಲಮ್ಮ. ಈ ಕಡೆ ಸತ್ತಿದಾನೆ, ಹಾಗಾಗಿ ಮನೆಗೆ ಬರೋ ಹಾಗಿಲ್ಲ. ಆ ಕಡೆ ಸತ್ತೇ ಇಲ್ಲ, ಹಾಗಾಗಿ ಕೆಲಸ ಬಿಡೋ ಹಾಗಿಲ್ಲ. ಪಾಪ, ಎಷ್ಟು ದಿನ ಅಂತ ಆ ರಸ್ತೆಯಂಚಲ್ಲಿ ನಿಲ್ತಾನೆ?"

"ನಿಮಗೆ ಹೇಗೆ ಗೊತ್ತು, ನಿಲ್ತಾನೆ ಅಂತ?"

"ನಿಮ್ಮದೊಂದೇ ಮನೆ ಅಂದ್ಕೊಂಡ್ಯಾ?"

ಓಪಲ್ ಮಿಸೌರಿಯ ರಿಟರ್ನ್ ತುಂಬಿ, ಹೆಸರಿನ ಪಕ್ಕ ಆ ಒಂದು ಪದವನ್ನೂ ಬರೆದು, ಸಹಿಯ ಜಾಗವನ್ನು ಬೆರಳಿಂದ ತೋರಿಸಿದರು. "ಇಲ್ಲೊಂದು ಹಾಕಿಬಿಡು. ಅವನನ್ನ ಬಿಡ್ತಾರೆ."

"ಬಿಟ್ರೆ ಎಲ್ಲಿಗೆ ಬರ್ತಾನೆ? ಮನೆಗಾ?"

"ಅದನ್ನ ಕೇಳೋ ಸಾಲು ಇದರಲ್ಲಿಲ್ಲಮ್ಮ."

ವರ್ಲಾ ಕಾಗದ ಮಡಿಸಿಕೊಂಡು ಎದ್ದಳು. ಸಂಜೆ ಕಿಟಕಿಯ ಬಳಿ ನಿಂತಳು. ಆ ಬದಿಯ ದೀಪ ಆರಿತು. ರಾಯ್ಸ್ ರಸ್ತೆಯಂಚಿಗೆ ಬಂದ, ಡಬ್ಬಿ ಎತ್ತಿ ತೋರಿಸಿದ. ಒಂದು ಕಾಲನ್ನು ರಸ್ತೆಗಿಳಿಸಿದ, ಹಿಂದಕ್ಕೆ ಎತ್ತಿಕೊಂಡ. ಆಮೇಲೆ ಒಳಗೆ ಹೋದ. ದೀಪ ಮತ್ತೆ ಹೊತ್ತಿತು.

೫

ಈಗ ಕೊನೆ.

ಕೊನೆ ಒಂದು: ವರ್ಲಾ ಸಹಿ ಹಾಕುತ್ತಾಳೆ. ರಾಯ್ಸ್ ಹಳದಿ ಗೆರೆಯವರೆಗೆ ನಡೆದು ಬಂದು, ಅಲ್ಲಿ ಇಲ್ಲವಾಗುತ್ತಾನೆ. ಚೆಂದ ಬರೆದಿದ್ದೆ, ಮಂಜನ್ನೂ ಹಾಕಿದ್ದೆ. ವರ್ಲಾ ಓದಿ, "ಮಂಜು ತೆಗಿ," ಎಂದಳು. ತೆಗೆದ ಮೇಲೆ ಅಲ್ಲಿ ಬರಿಯ ರಸ್ತೆ ಉಳಿಯಿತು.

ಕೊನೆ ಎರಡು: ಸಹಿ ಹಾಕುತ್ತಾಳೆ, ಬಾಗಿಲು ಬಡಿದ ಸದ್ದು ಕೇಳುತ್ತದೆ. ಇದನ್ನು ಬರೆಯುವಾಗ ನನಗೇ ನನ್ನ ಮನೆಯ ಬಾಗಿಲಿಗೆ ಬೆನ್ನು ತಿರುಗಿಸಿ ಕೂರಲು ಆಗಲಿಲ್ಲ. ಹರಿದೆ.

"ಸಹಿ ಹಾಕಿಬಿಡು ವರ್ಲಾ," ಎಂದು ನಾನೇ ಬೇಡಿಕೊಂಡೆ. "ನೀನು ಮಾತು ಕೊಟ್ಟಿದ್ದೆ. ಅವನು ಕೇಳಿದ್ದು ಅದೊಂದೇ."

"ಕೊಟ್ಟಾಗ ಅವನು ಮನೆಯೊಳಗಿದ್ದ ಕಣೇ," ಎಂದಳು. "ಈಗ ಅವನು ಕಾಣೋದು ಆ ಒಂದು ಕಡೆ ಮಾತ್ರ. ಅದನ್ನೂ ಕಳಕೊಳ್ಳಲಾ?"

ನಿಮಗೆ ಮೂರನೆಯ ಕೊನೆ ಬೇಕಿರಬಹುದು. ನನ್ನ ಬಳಿ ಇಲ್ಲ. ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಮನೆಗೆ ಬರುವಾಗ ಸ್ಟೇಟ್ ಲೈನ್ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಯಾಚೆ ಯಾರಿಗೋ ಕೈ ಬೀಸಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. "ಅಮ್ಮ, ಆ ಅಂಕಲ್ ಡಬ್ಬಿ ಖಾಲಿ," ಎಂದಳು. ಹಸಿರು ಬಂತು, ಹೊರಟೆ.

ಏಪ್ರಿಲ್‌ನ ಗಡುವು ಕಳೆದಿದೆ. ಕಾಗದ ಸಹಿಯಿಲ್ಲದೆ ವರ್ಲಾಳ ಅಡುಗೆಮನೆಯ ಮೇಜಿನ ಮೇಲಿದೆ. ರಾಯ್ಸ್ ಮಿಸೌರಿಯಲ್ಲಿದ್ದಾನೆ. ವರ್ಲಾ ಮಾತಿಗೆ ತಪ್ಪಿದಳು.