ಎಣಿಸದ ಮೆಟ್ಟಿಲು

ಈ ಕಥೆಯನ್ನು ಕೆಲವರು ಸಮುದ್ರದಿಂದ ಶುರುಮಾಡುತ್ತಾರೆ, ಕೆಲವರು ಮಂಡಿನೋವಿನಿಂದ. ನಿಜಕ್ಕೂ ಅದು ಶುರುವಾದದ್ದು ಅಡುಗೆಮನೆಯ ಕಪಾಟಿನಲ್ಲಿ.

ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿದ್ದ ಟೀಚರಮ್ಮ ಒಂದು ಬೆಳಿಗ್ಗೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಕಪಾಟು ಒರೆಸತೊಡಗಿದರು. ಹಲಗೆಗಳ ಮೇಲೆ ಹಾಸಿದ್ದುದೆಲ್ಲ ಹಳೆಯ ಉತ್ತರಪತ್ರಿಕೆಗಳು. ಶಾಲೆಯವರು ರದ್ದಿಗೆ ಹಾಕುವುದನ್ನು ಕೇಳಿ ತಂದು ಹಾಸುವುದು ಅವರ ರೂಢಿ; ಉಪ್ಪಿನ ಡಬ್ಬಿಯ ಕೆಳಗೂ ಯಾವುದೋ ಮಗು ನದಿಗಳ ಹೆಸರು ಬರೆದಿರುತ್ತಿತ್ತು. ಎಣ್ಣೆಯ ಡಬ್ಬಿಯ ಗುಂಡನೆಯ ಗುರುತು ಬಿದ್ದಿದ್ದ ಒಂದು ಹಾಳೆಯನ್ನು ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಒಟ್ಟು ಅಂಕ ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕಿತ್ತು.

ಎಂಟನೆಯ ಪ್ರಶ್ನೆ: ದ್ವೀಪದ ದೀಪಸ್ತಂಭಕ್ಕೆ ಎಷ್ಟು ಮೆಟ್ಟಿಲುಗಳಿವೆ? ಉತ್ತರ: ನೂರ ಎಪ್ಪತ್ತೆರಡು. ಪಕ್ಕದಲ್ಲಿ ಅವರದೇ ಕೈಯ ಕೆಂಪು ತಪ್ಪುಗುರುತು. ಪುಸ್ತಕದಲ್ಲಿ ಇದ್ದುದು ನೂರ ಎಪ್ಪತ್ತಮೂರು.

ಆ ಹುಡುಗಿ ದ್ವೀಪದಿಂದಲೇ ಬಂದವಳು. ಈಚೆ ದಡದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಉತ್ತರಪತ್ರಿಕೆ ಹಿಡಿದು ಮೇಜಿನ ಮುಂದೆ ನಿಂತು, "ಟೀಚರ್, ನಾನು ದಿನಾ ಹತ್ತಿಳಿದಿದ್ದೀನಿ" ಎಂದಿದ್ದಳು. "ಪುಸ್ತಕ ಬರೆದವರಿಗಿಂತ ನೀನು ದೊಡ್ಡವಳೇನೆ?" ಎಂದು ಕೇಳಿ ಟೀಚರಮ್ಮ ಪತ್ರಿಕೆಯನ್ನು ಕಸಿದುಕೊಂಡಿದ್ದರು. ಮುಂದಿನ ವಾರದ ಲಾಂಚಿನಲ್ಲಿ ಹುಡುಗಿ ಊರಿಗೆ ಹೋದಳು, ಮತ್ತೆ ಬರಲಿಲ್ಲ. ಇದಾಗಿ ಇಪ್ಪತ್ತಾರು ವರ್ಷ. ಟೀಚರಮ್ಮ ಆ ದ್ವೀಪದ ಪಾಠವನ್ನು ಮೂವತ್ತೊಂದು ಸಲ ಕಲಿಸಿದ್ದರು. ಒಂದು ಸಲವೂ ನೋಡಿರಲಿಲ್ಲ.

"ನಾಡಿದ್ದು ದ್ವೀಪಕ್ಕೆ ಹೋಗಿ ಎಣಿಸಿಬರ್ತೀನಿ," ಎಂದರು ಮನೆಯಲ್ಲಿ ಜೊತೆಗಿದ್ದ ತಂಗಿಗೆ. "ಅವಳದು ಸರಿಯಿದ್ದರೆ ಅವಳು ಎಲ್ಲಿದ್ದರೂ ಹುಡುಕಿ ಆ ಅಂಕ ಕೊಡ್ತೀನಿ."

ತಂಗಿ ಹಲ್ಲುಜ್ಜುತ್ತಿದ್ದವಳು ನೊರೆ ಉಗುಳಿ ಬಂದಳು. "ಮೆಟ್ಟಿಲ ಕಡೆ ಮುಖಾನೂ ಹಾಕ್ಬೇಡಿ ಅಂದಿದ್ದಾರೆ ಡಾಕ್ಟರು. ಒಂದು ಅಂಕಕ್ಕೋಸ್ಕರ ಗುಡ್ಡ ಅಗೆದು ಇಲಿ ಹಿಡೀತೀಯಾ?"

"ಇಲಿಯೋ ಹುಲಿಯೋ, ಅಗೆದ ಮೇಲೆ ಗೊತ್ತಾಗೋದು."

"ನಿನ್ನದು ಯಾವತ್ತೂ ಹಿಡಿದ ಮೊಲಕ್ಕೆ ಮೂರೇ ಕಾಲು. ಮಂಡಿ ಹೋದರೆ ನಿನಗೂ ಮೂರೇ ಕಾಲಾಗತ್ತೆ, ಕೋಲೂ ಸೇರಿಸಿ."

ಹೀಗೆಂದರೂ ತಂಗಿ ಜೊತೆಗೆ ಹೊರಟಳು. ಅಕ್ಕನನ್ನು ಒಬ್ಬಳನ್ನೇ ಬಿಟ್ಟರೆ ಎಲ್ಲಿಯಾದರೂ ಕೂತು ಅಲೆ ಎಣಿಸಿಯಾಳು ಎಂಬ ಭಯ ಅವಳಿಗೆ. ಅದು ಆ ಋತುವಿನ ಕೊನೆಯ ಲಾಂಚು. ಅದಾದರೆ ನಾಲ್ಕು ತಿಂಗಳು ಸಮುದ್ರ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ.

ಮೂರು ಗಂಟೆಯ ಪ್ರಯಾಣದಲ್ಲಿ ತಂಗಿ ನಾಲ್ಕು ಸಲ ವಾಂತಿ ಮಾಡಿಕೊಂಡಳು. ಟೀಚರಮ್ಮ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದರು. ಒಳಗೆ ಉತ್ತರಪತ್ರಿಕೆ ಮತ್ತು ಕೆಂಪು ಪೆನ್ನು. ದ್ವೀಪದ ದೋಣಿಕಟ್ಟೆಗೆ ಇಳಿಯುತ್ತಲೇ ಎದುರಾದವನು ಅಂಬಿಗಜ್ಜ. ಹುಟ್ಟು ಹಾಕುವ ತ್ರಾಣ ಹೋದ ಮೇಲೆ ಬಂದವರಿಗೆ ದ್ವೀಪ ತೋರಿಸುವುದು ಅವನ ಕಸುಬಾಗಿತ್ತು.

"ಅಜ್ಜಾ, ಇಲ್ಲಿಂದ ನಮ್ಮ ಕಡೆ ಓದೋಕೆ ಬಂದು ಏಳನೇ ಕ್ಲಾಸಿಗೇ ವಾಪಸಾದ ಹುಡುಗಿ ಒಬ್ಬಳಿದ್ದಳಲ್ಲ?"

"ದೀಪದವಳಾ? ಅಗೋ, ಮೇಲಿದ್ದಾಳೆ." ಅಜ್ಜ ದೀಪಸ್ತಂಭದ ತುದಿಗೆ ಬೆರಳು ತೋರಿಸಿದ. "ಅಪ್ಪನ ಕಾಲ ಆದಮೇಲೆ ದೀಪ ಅವಳದೇ."

ಟೀಚರಮ್ಮ ಅತ್ತ ಕಾಲು ಹಾಕಿಯೇಬಿಟ್ಟರು. ಅಜ್ಜ ಅಡ್ಡ ನಿಂತ.

"ಅದು ಕೊನೇದು ತಾಯಿ. ಮೊದಲು ಬಾವಿ, ಆಮೇಲೆ ಗವಿ, ಆಮೇಲೆ ಒಂಟಿಮರ. ದೀಪ ಕೊನೆಗೆ."

"ನಾನು ಬಂದಿರೋದೇ ಅದಕ್ಕೆ."

"ಎಲ್ಲರೂ ಅದಕ್ಕೇ ಬರ್ತಾರೆ. ಎತ್ತರ ಮೊದಲು ನೋಡಿದವನಿಗೆ ತಗ್ಗು ರುಚಿಸಲ್ಲ ಅಂತ ನಮ್ಮ ಹಿರಿಯರು ಕ್ರಮ ಇಟ್ಟಿದ್ದಾರೆ. ಕ್ರಮ ತಪ್ಪಿ ಬಂದವರಿಗೆ ಅವಳು ಬಾಗಿಲೇ ತೆಗೆಯಲ್ಲ."

ತರಗತಿಯಲ್ಲಿ ಹಿಂದಿನ ಪಾಠ ಮುಗಿಸದೆ ಮುಂದಿನದಕ್ಕೆ ಹೋದವರಲ್ಲ ಟೀಚರಮ್ಮ. ಹಲ್ಲು ಕಚ್ಚಿ ಅಜ್ಜನ ಹಿಂದೆ ನಡೆದರು. ಲಾಂಚು ಹೊರಡುವುದು ನಾಲ್ಕಕ್ಕೆ.

ಸಮುದ್ರದಿಂದ ಹತ್ತೇ ಹೆಜ್ಜೆ ಈಚೆಗಿದ್ದ ಬಾವಿಯ ನೀರು ಸಿಹಿ. ಬಂದವರು ತಮ್ಮ ನೀರನ್ನು ತಾವೇ ಸೇದಿಕೊಳ್ಳಬೇಕು. ಅಜ್ಜ ಕೈ ಹಾಕುವುದಿಲ್ಲ. ಹಗ್ಗಕ್ಕೆ ಮಾರಿಗೊಂದರಂತೆ ಗಂಟು. ಟೀಚರಮ್ಮ ಕೊಡ ಇಳಿಬಿಡುತ್ತ ಅಭ್ಯಾಸಬಲದಿಂದ ಗಂಟುಗಳನ್ನು ಎಣಿಸಿದರು. ಒಂಬತ್ತಕ್ಕೆ ಕೊಡ ತಳದ ಕಲ್ಲಿಗೆ ತಾಗಿತು. ಇನ್ನೊಮ್ಮೆ ಇಳಿಸಿದರು. ಒಂಬತ್ತೇ.

"ಪುಸ್ತಕದಲ್ಲಿ ಹನ್ನೆರಡು ಮಾರು ಅಂತಿದೆ," ಎಂದರು ಮೆಲ್ಲಗೆ.

"ಪುಸ್ತಕದವರು ಬಂದಾಗ ನಾನಿದ್ದೆ," ಎಂದ ಅಜ್ಜ. "ಬಿಸಿಲು ಅಂತ ಲಾಂಚಿನಿಂದ ಇಳೀಲೇ ಇಲ್ಲ. ಯಾರೋ ಹೇಳಿದ್ದನ್ನ ಬರ್ಕೊಂಡು ಹೋದರು."

ನೀರು ಸಿಹಿಯಾಗಿಯೇ ಇತ್ತು. ಆದರೂ ಟೀಚರಮ್ಮ ಎರಡೇ ಗುಟುಕು ಕುಡಿದು ಕೊಡ ಕೆಳಗಿಟ್ಟರು.

ಗವಿಯೊಳಗೆ ಗಾಳಿ ನುಗ್ಗಿ, ಯಾರೋ ಬಾಯಿಮುಚ್ಚಿಕೊಂಡು ಹಾಡುವಂತೆ ಕೇಳುತ್ತಿತ್ತು. ಬಂದ ಕೆಲಸವೇನೆಂದು ಅಲ್ಲಿ ಕೂಗಿ ಹೇಳಬೇಕೆಂದು ಅಜ್ಜ ತಿಳಿಸಿದ. ತಂಗಿ ಮುಂದೆ ಹೋಗಿ, "ನನಗೆ ಮನೆಗೆ ಹೋಗ್ಬೇಕು!" ಎಂದು ಕೂಗಿದಳು. ಗವಿಯೂ ಮೂರು ಸಲ ಮನೆಗೆ ಹೋಗಬೇಕೆಂದಿತು. "ನೋಡು, ಗವೀಗೂ ಸಾಕಾಗಿದೆ," ಎಂದಳು. ಟೀಚರಮ್ಮ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು, ಅಷ್ಟೆ.

ಒಂಟಿಮರ ಗಾಳಿಗೆ ಬಾಗಿ ಬಾಗಿ ನೆಲಕ್ಕೆ ಮೊಣಕೈ ಊರಿತ್ತು. ಅದನ್ನು ಒಂದು ಸುತ್ತು ಹಾಕಿ ದೀಪಸ್ತಂಭದ ಬುಡಕ್ಕೆ ಬರುವಾಗ ಮೂರು ಗಂಟೆ ದಾಟಿತ್ತು.

ಬಾಗಿಲು ಆಗಲೇ ತೆರೆದಿತ್ತು. ಅದರ ಹೊರಗಿದ್ದ ಮೊದಲ ಕಲ್ಲಿಗೆ ಟೀಚರಮ್ಮ ಕಾಲೆತ್ತಿದ್ದೇ ತಡ, ಅಜ್ಜ ಅರಚಿದ.

"ಮೆಟ್ಟಬೇಡಿ! ದಾಟಿ!"

"ಯಾಕೆ?"

"ಅದು ಮೆಟ್ಟಿಲಲ್ಲ, ಕಾಯೋರ ಕಲ್ಲು. ಹತ್ತಲಾರದವರು, ಸಮುದ್ರಕ್ಕೆ ಹೋದವರ ದಾರಿ ನೋಡೋರು, ಎಲ್ಲ ಅದರ ಮೇಲೇ ಕೂತಿದ್ದು. ಒಬ್ಬರು ಕೂತು ಕಾಯ್ತಿದ್ದರೆ ದ್ವೀಪದಿಂದ ದೋಣಿ ಹೊರಡೋ ಹಾಗಿಲ್ಲ. ಅಂಥ ಕಲ್ಲನ್ನ ತುಳೀತಾರಾ? ನಾವು ದಾಟಿ ಹತ್ತೋದು. ಎಣಿಸೋದೂ ಅದರ ಮೇಲಿಂದಲೇ."

ಟೀಚರಮ್ಮ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು. ಮುಖದ ಬಣ್ಣ ಇಳಿಯಿತು. ತಂಗಿಗೂ ಹೊಳೆಯಿತು.

"ಸರಿಹೋಯ್ತಲ್ಲ! ಪುಸ್ತಕದ್ದು ಕಲ್ಲು ಸೇರಿಸಿ, ಹುಡುಗೀದು ಕಲ್ಲು ಬಿಟ್ಟು. ಉತ್ತರ ಸಿಕ್ತು. ಅಜ್ಜನ ಕೈಲಿ ಹಾಳೆ ಕಳಿಸು, ನಾವು ಲಾಂಚಿಗೆ ಹೋಗೋಣ."

"ಇಲ್ಲ."

"ಇನ್ನೇನು ಇಲ್ಲ?"

"ಯಾರೋ ಹೇಳಿದ್ದನ್ನ ಕೇಳಿ ತಪ್ಪು ಹಾಕಿದೆ. ಮತ್ತೆ ಯಾರೋ ಹೇಳಿದ್ದನ್ನ ಕೇಳಿ ಸರಿ ಹಾಕಲಾ? ನಾನೇ ಎಣಿಸ್ತೀನಿ."

"ನಾನಂತೂ ಹತ್ತಲ್ಲಪ್ಪ. ಈ ಕಲ್ಲಿನ ಮೇಲೂ ಕೂರಲ್ಲ. ನಾಲ್ಕಕ್ಕೆ ಸರಿಯಾಗಿ ಲಾಂಚಲ್ಲಿರ್ತೀನಿ. ನೀನು ಬೇಕಿದ್ದರೆ ನಾಲ್ಕು ತಿಂಗಳು ಇಲ್ಲೇ ಮೀನಿಗೆ ಭೂಗೋಳ ಹೇಳ್ಕೊಡು."

ಕಲ್ಲನ್ನು ದಾಟುವುದೆಂದರೆ ಎರಡು ಮೆಟ್ಟಿಲೆತ್ತರವನ್ನು ಒಂದೇ ಹೆಜ್ಜೆಗೆ ಏರುವುದು. ಟೀಚರಮ್ಮ ನೋಯುವ ಕಾಲಿನ ಮಂಡಿಯನ್ನು ಎರಡೂ ಕೈಯಿಂದ ಹಿಡಿದೆತ್ತಿ ಆಚೆಗೆ ಇಟ್ಟರು, ಬಾಗಿಲ ಚೌಕಟ್ಟು ಹಿಡಿದು ಇನ್ನೊಂದು ಕಾಲನ್ನು ಎಳೆದುಕೊಂಡರು. "ಒಂದು," ಎಂದರು ಗಟ್ಟಿಯಾಗಿ.

ಒಳಗೆ ಮೆಟ್ಟಿಲು ಗೋಡೆಗಂಟಿ ಸುತ್ತಿಕೊಂಡು ಹೋಗಿತ್ತು. ನಡುವೆ ಕಾಲಿಟ್ಟೂ ಇಟ್ಟೂ ತಟ್ಟೆಯಂತೆ ಸವೆದಿದ್ದ ಕಲ್ಲುಗಳು. ಇಪ್ಪತ್ತೈದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವುದೆಂದು ಲೆಕ್ಕ ಹಾಕಿಕೊಂಡಿದ್ದರು. ಐವತ್ತರವರೆಗೆ ಲೆಕ್ಕ ನಿಂತಿತು. ಎಪ್ಪತ್ತರ ಮೇಲೆ ಐದಕ್ಕೊಮ್ಮೆ ನಿಲ್ಲಬೇಕಾಯಿತು. ತೊಂಬತ್ತೆಂಟಕ್ಕೆ ಮಂಡಿಯೊಳಗೆ ಏನೋ ಲಟಕ್ಕೆಂದಿತು. ಗೋಡೆಗೆ ಹಣೆಯಿಟ್ಟು ಬಹಳ ಹೊತ್ತು ನಿಂತರು. ಆಗ ಬಾಯಿ ಬಿಟ್ಟರೆ ಅಳು ಬಂದೀತು, ಅಳುವಿನಲ್ಲಿ ಎಣಿಕೆ ತಪ್ಪೀತು ಎಂದು ಬಾಯಿ ಬಿಡಲಿಲ್ಲ. ಬೆರಳಿನಿಂದ ಗೋಡೆಯ ಮೇಲೆ ತೊಂಬತ್ತೆಂಟೆಂದು ಬರೆದು, ಮುಂದಿನ ಮೆಟ್ಟಿಲಿಗೆ ಕೂತುಕೊಂಡರು. ಅಲ್ಲಿಂದ ಮೇಲೆ ಅವರು ಹತ್ತಲಿಲ್ಲ. ಬೆನ್ನು ಮೇಲಕ್ಕೆ, ಮುಖ ಕೆಳಕ್ಕೆ ಮಾಡಿ, ಕೂತುಕೂತೇ ಒಂದೊಂದು ಕಲ್ಲನ್ನು ಏರಿದರು. ಸೀರೆಯ ಗತಿ ದೇವರಿಗೇ ಪ್ರೀತಿ. ನೂರ ಮೂವತ್ತಕ್ಕೆ ಲಾಂಚಿನ ಮೊದಲ ಕೂಗು ಕೇಳಿಸಿತು. ಇನ್ನು ಅರ್ಧ ಗಂಟೆ.

ಕೊನೆಯ ಕಲ್ಲಿಗೆ ಬಂದಾಗ ಮೇಲಿನಿಂದ ಒಂದು ದನಿ ಕೇಳಿತು.

"ಎಷ್ಟಾಯ್ತು?"

ಹತ್ತಿಬಂದ ಪ್ರತಿಯೊಬ್ಬರನ್ನೂ ಅವಳು ಕೇಳುವ ಪ್ರಶ್ನೆ ಅದು. ದೀಪದವಳು ಬೆನ್ನು ತಿರುಗಿಸಿಕೊಂಡು ದೀಪದ ಗಾಜನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು.

"ನೂರ ಎಪ್ಪತ್ತೆರಡು," ಎಂದರು ಟೀಚರಮ್ಮ.

"ಸರಿ" ಎಂದವಳ ಕೈ ನಿಂತಿತು. ದನಿಯ ಗುರುತು ಮುಖದ ಗುರುತಿಗಿಂತ ಮುಂಚೆ ಹತ್ತಿತೇನೋ. ತಿರುಗಿ ನೋಡಿದಳು. "ಟೀಚರ್?"

ಟೀಚರಮ್ಮ ನೆಲದ ಮೇಲೆ ಕೂತಲ್ಲಿಂದಲೇ ಹಾಳೆಯನ್ನು ತೆಗೆದು ಹಿಡಿದರು. "ನಿನ್ನ ಉತ್ತರ ಸರಿಯಿತ್ತು. ನಂದು ತಪ್ಪು. ಕ್ಷಮಿಸು ಅಂತ ಕೇಳೋಕೆ ಬಂದೆ. ಅಂಕಾನೂ ಕೊಡಬೇಕು."

ದೀಪದವಳು ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಪ್ರಶ್ನೆಯಿಂದ ಓದತೊಡಗಿದಳು. ಟೀಚರಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ನನ್ನಿಂದ ನಿನ್ನ ಓದು ಹೋಯ್ತು."

"ಹೋಯ್ತು," ಎಂದಳು ಅವಳು, ಹಾಳೆಯಿಂದ ತಲೆಯೆತ್ತದೆ. "ಫೇಲಾಗಿದ್ದೇ ಒಳ್ಳೇದಾಯ್ತು ಅಂತ ನಾನು ಹೇಳಲ್ಲ ಟೀಚರ್. ಓದಿದ್ದರೆ ಕಡಿದು ಗುಡ್ಡೆ ಹಾಕ್ತಿದ್ದೆ ಅಂತಾನೂ ಹೇಳಲ್ಲ. ಓದಬೇಕು ಅಂತ ಇತ್ತು, ಆಗಲಿಲ್ಲ. ದೀಪ ಕಲಿತೆ. ಅದನ್ನ ಚೆನ್ನಾಗೇ ಕಲಿತೆ." ಬೆರಳು ಒಂದೆಡೆ ನಿಂತಿತು. "ಇದನ್ನ ಕಳೀರಿ."

"ಯಾವುದನ್ನ?"

"ಐದನೇದು. ಬಾವಿಯ ಆಳ. ಹನ್ನೆರಡು ಮಾರು ಅಂತ ಬರೆದಿದ್ದೀನಿ, ನೀವು ಸರಿ ಹಾಕಿದ್ದೀರಿ."

"ಒಂಬತ್ತು," ಎಂದರು ಟೀಚರಮ್ಮ. "ಬೆಳಿಗ್ಗೆ ನಾನೇ ಸೇದಿದೆ."

"ನನಗೂ ಗೊತ್ತಿತ್ತು ಒಂಬತ್ತು ಅಂತ. ನಿಮಗೆ ಹೆದರಿ ಪುಸ್ತಕದ್ದು ಬರೆದೆ. ಮೆಟ್ಟಿಲ ಪ್ರಶ್ನೆಗೆ ಬಂದಾಗ ಕೈ ಒಪ್ಪಲಿಲ್ಲ. ಸುಳ್ಳಿಗೆ ಅಂಕ ಬಂತು, ನಿಜಕ್ಕೆ ಹೋಯ್ತು. ಫೇಲಾದದ್ದಕ್ಕಿಂತ ಅದೇ ಕೊರೀತಿತ್ತು ನನ್ನ. ನಮ್ಮ ಬಾವಿ ಬಗ್ಗೆ ನಾನೇ ಸುಳ್ಳು ಬರೆದೆನಲ್ಲ ಅಂತ. ಎಂಟನೇದಕ್ಕೆ ಕೊಡಿ, ಐದನೇದಕ್ಕೆ ಕಳೀರಿ."

ಕೊಟ್ಟು ಕಳೆದರೆ ಮತ್ತೆ ಮೂವತ್ತನಾಲ್ಕು. ಇಪ್ಪತ್ತಾರು ವರ್ಷ, ಮೂರು ಗಂಟೆ ಸಮುದ್ರ, ನೂರ ಎಪ್ಪತ್ತೆರಡು ಕಲ್ಲು ದಾಟಿ ಬಂದದ್ದು ಮತ್ತೆ ಅದೇ ಮೂವತ್ತನಾಲ್ಕಕ್ಕೆ.

"ತಪ್ಪು ಕಲಿಸಿದವಳು ನಾನು. ಅದರ ಅಂಕ ನಿನ್ನಿಂದ ಹೇಗೆ ಕಳೀಲಿ?"

"ನನಗೆ ಕೃಪಾಂಕ ಬೇಡ ಟೀಚರ್."

"ಕೃಪಾಂಕ ನಾನು ಮೂವತ್ತೊಂದು ವರ್ಷದಲ್ಲಿ ಒಬ್ಬರಿಗೂ ಕೊಟ್ಟವಳಲ್ಲ, ನಿನಗೂ ಕೊಡೋದಿಲ್ಲ." ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದು ಐದನೆಯ ಪ್ರಶ್ನೆಯ ಸರಿಗುರುತನ್ನು ಹೊಡೆದುಹಾಕಿದರು. ಎಂಟನೆಯದರ ತಪ್ಪುಗುರುತನ್ನೂ ಹೊಡೆದು ಸರಿ ಹಾಕಿದರು. ಆಮೇಲೆ ಗೋಡೆ ಹಿಡಿದು, ನೋವಿಗೆ ಮುಖ ಕಿವಿಚಿಕೊಂಡು ಎದ್ದು ನಿಂತರು. ಬೆನ್ನು ನೆಟ್ಟಗಾಯಿತು. ದನಿಯೂ ಹಳೆಯದಾಯಿತು.

"ಮರುಪರೀಕ್ಷೆ. ನೆಟ್ಟಗೆ ನಿಲ್ಲು."

ನಲವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಎಣ್ಣೆಬಟ್ಟೆ ಹಿಡಿದವಳು, ಪಾದ ಜೋಡಿಸಿ ನಿಂತುಬಿಟ್ಟಳು.

"ದ್ವೀಪದ ಸಿಹಿನೀರಿನ ಬಾವಿಯ ಆಳ ಎಷ್ಟು?"

"ಒಂಬತ್ತು ಮಾರು, ಟೀಚರ್."

"ನೋಡಿದ್ದೀಯಾ, ಯಾರಾದರೂ ಹೇಳಿದ್ದಾ?"

"ದಿನಾ ಸೇದ್ತೀನಿ, ಟೀಚರ್."

"ಸರಿ. ಒಂದು ಅಂಕ."

ಮೂವತ್ತನಾಲ್ಕನ್ನು ಹೊಡೆದು ಮೂವತ್ತೈದೆಂದು ಬರೆಯುವಾಗಲೇ ಲಾಂಚಿನ ಎರಡನೆಯ ಕೂಗು ಎದ್ದಿತು. ಟೀಚರಮ್ಮ ಕೆಳಗೆ ರುಜು ಹಾಕಿ, ಶಾಯಿ ಆರಲೆಂದು ಊದಿ, ಹಾಳೆ ಕೊಟ್ಟರು. ಅಂಕಿ ದುಂಡಗೆ ಬಿದ್ದಿತ್ತು. ದೀಪದವಳು ಅದನ್ನು ಎರಡು ಸಲ ನೋಡಿದಳು. ಕಟ್ಟು ಹಾಕಿಸುತ್ತೇನೆಂದೇನೂ ಅನ್ನಲಿಲ್ಲ. ಮೂಲೆಯ ಗೂಡಿನಲ್ಲಿದ್ದ ಎಣ್ಣೆಯ ಡಬ್ಬಿ ಎತ್ತಿ, ಹಾಳೆಯನ್ನು ಕೆಳಗೆ ಹಾಸಿ, ಡಬ್ಬಿಯನ್ನು ಹಳೆಯ ಗುಂಡುಗುರುತಿನ ಮೇಲೇ ಸರಿಯಾಗಿ ಕೂರಿಸಿದಳು. "ದಿನಾ ಕಣ್ಣಿಗೆ ಬೀಳೋ ಜಾಗ," ಎಂದಳು. ಆಮೇಲೆ ಟೀಚರಮ್ಮನ ತೋಳಿನಡಿ ಹೆಗಲು ಕೊಟ್ಟು ಇಳಿಸಿಕೊಂಡು ಬಂದಳು. ಇಳಿಯುವಾಗ ಟೀಚರಮ್ಮ ಇನ್ನೊಮ್ಮೆ ಎಣಿಸಿದರು. ಖಾತ್ರಿಗೆ.

ಕೆಳಗೆ ಬಂದರೆ, ಕಾಯುವವರ ಕಲ್ಲಿನ ಮೇಲೆ ತಂಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆಚೆ ಕಟ್ಟೆಯಿಂದ ಲಾಂಚಿನ ಚಾಲಕ ಎರಡೂ ಕೈ ಎತ್ತಿ ಕೂಗಾಡುತ್ತಿದ್ದ. ಅವನು ದ್ವೀಪದ ಅಳಿಯ. ಕೂಗಬಲ್ಲನೇ ಹೊರತು, ಕಲ್ಲಿನ ಮೇಲೆ ಜನ ಇರುವಾಗ ಹಗ್ಗ ಬಿಚ್ಚುವ ಧೈರ್ಯ ಅವನಿಗಿರಲಿಲ್ಲ. ಅಂಬಿಗಜ್ಜ ಪಕ್ಕದಲ್ಲಿ ನಿಂತು ಒಸಡು ಕಾಣುವಂತೆ ನಗುತ್ತಿದ್ದ.

"ಕೂರಲ್ಲ ಅಂದಿದ್ದೆಯಲ್ಲೇ?"

"ಕೂತೆ, ಏನೀಗ? ಒಲೆ ಮೇಲಿನ ಹಂಚಾಗಿದೆ ಈ ಕಲ್ಲು. ಎಷ್ಟಿತ್ತು?"

"ನೂರ ಎಪ್ಪತ್ತೆರಡು."

"ಹಾಗಾದರೆ ಪಾಸಾ?"

"ಪಾಸು."

"ಅವಳಾ, ನೀನಾ?"

ಟೀಚರಮ್ಮ ನೋಯುವ ಕಾಲನ್ನು ಎರಡೂ ಕೈಯಿಂದ ಎತ್ತಿ, ಕಲ್ಲನ್ನು ಮುಟ್ಟದಂತೆ ದಾಟಿ ನೆಲಕ್ಕಿಟ್ಟರು. ಆಮೇಲೆ ತಂಗಿ ಎದ್ದಳು. ತಂಗಿ ಎದ್ದ ಮೇಲೆಯೇ ಚಾಲಕ ಹಗ್ಗ ಬಿಚ್ಚಿದ.