ರಾಳದ ಹಯಾತ್ ಸಾಬ್

ಹರಿಹರದಲ್ಲಿ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಆದರೆ ಉಚ್ಚೆಂಗಪ್ಪ ಸಾಹುಕಾರರಿಗೆ ನಡು ಬಗ್ಗಿಸುವ ಗಂಡಸರೇ ನನಗೆ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ.

ನಾನು ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಬೆಂಕಿ ತೋರಿಸಿದವನು. ಪಂಜಿನ ಮೇಲೆ ರಾಳದ ಪುಡಿ ಎರಚಿದರೆ ಆಳೆತ್ತರ ಜ್ವಾಲೆ ಏಳುತ್ತದೆ, ರೆಪ್ಪೆ ಬಡಿಯುವುದರೊಳಗೆ ಆರುತ್ತದೆ. ಲಂಕೆ ಸುಟ್ಟಿದ್ದೇನೆ, ಅರಗಿನ ಮನೆ ಸುಟ್ಟಿದ್ದೇನೆ. ಪರದೆಯ ಒಂದು ನೂಲೂ ಕರಕಲಾಗಿಲ್ಲ. ಜನ ಚಪ್ಪಾಳೆ ತಟ್ಟಿದರೆ ನಾನು ಮರೆಯಿಂದ ಒಂದು ಹೆಜ್ಜೆ ಹೊರಬಂದು ಸಲಾಂ ಮಾಡಬೇಕು. ಅದು ಕಂಪನಿಯ ಪದ್ಧತಿ. ಆ ಒಂದು ಹೆಜ್ಜೆಗಾಗಿಯೇ ಬದುಕಿದ್ದೆ ಅಂದರೂ ಸುಳ್ಳಲ್ಲ.

ಕಂಪನಿಗೆ ಹೆಸರು ತಂದ ಹಳೆಯ ಸಂಗೀತ ನಾಟಕವೊಂದಿತ್ತು. ಲಾಭದ ಆಸೆಗೆ ತನ್ನ ಕಣಜಕ್ಕೆ ತಾನೇ ಬೆಂಕಿ ಇಟ್ಟು, ಕಡೆಗೆ ಅದೇ ಬೆಂಕಿಯಲ್ಲಿ ಹಾಡುತ್ತ ಸಾಯುವ ವರ್ತಕನ ಕಥೆ. ಅರವತ್ತೆರಡನೆಯ ಇಸವಿಯಲ್ಲಿ ದಾವಣಗೆರೆಯ ಉಚ್ಚೆಂಗಪ್ಪ ಸಾಹುಕಾರರು ಅದನ್ನು ಸಿನಿಮಾ ಮಾಡಿಸಲು ಹೊರಟರು. ವರ್ತಕ ಮಿಲ್ ಮಾಲೀಕನಾದ, ಕಣಜ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆ, ಅಂದರೆ ಜಿನ್ನು ಆಯಿತು. ಬೆಂಕಿಯ ದೃಶ್ಯಕ್ಕೆ ಹರಿಹರದಲ್ಲಿದ್ದ ತಮ್ಮ ಹಳೆಯ ಜಿನ್ನನ್ನೇ ಬಿಟ್ಟುಕೊಟ್ಟರು. ಎಂಥ ದೊಡ್ಡ ಮನಸ್ಸು ಅಂತ ಊರು ಹೊಗಳಿತು. ನನ್ನ ಹೆಂಡತಿ ಮಾಬೂಬೀ ಆ ಜಿನ್ನಿನಲ್ಲಿ ಹತ್ತಿ ಆರಿಸುತ್ತಿದ್ದಳು. ಅವಳಂಥ ಇನ್ನೂರು ಹೆಂಗಸರ ಅನ್ನ ಅಲ್ಲಿತ್ತು.

ಶೂಟಿಂಗು ಭಾನುವಾರ, ಜಿನ್ನಿಗೆ ರಜೆ. ಮದ್ರಾಸಿನಿಂದ ಬಂದ ಡೈರೆಕ್ಟರು ಕೈ ಎತ್ತಿದಾಗ ನಾನು ರಾಳ ಎರಚಬೇಕಿತ್ತು. ಅವರು ಕೈ ಎತ್ತಲಿಲ್ಲ, ನಾನು ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಹಿಂದಿನ ಗೋದಾಮಿನಿಂದ ಭುಗ್ಗೆಂದು ಬೆಂಕಿ ಎದ್ದಿತು. ಗಾಳಿಯಲ್ಲಿ ಸೀಮೆಎಣ್ಣೆಯ ವಾಸನೆ. ಸಾಹುಕಾರರ ಮ್ಯಾನೇಜರ್ ಆ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದದ್ದನ್ನು ಈ ಎರಡು ಕಣ್ಣಲ್ಲಿ ಕಂಡೆ. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಹತ್ತಿ ಕೂತಿದ್ದ ಜನ, ಎಲ್ಲವೂ ಆಟವೇ ಅಂದುಕೊಂಡು, "ಭಲೇ ಹಯಾತ್ ಸಾಬ್!" ಅಂತ ಕೂಗಿ ಚಪ್ಪಾಳೆ ತಟ್ಟಿದರು. ನಾನು ಒಂದು ಹೆಜ್ಜೆ ಮುಂದೆ ಬಂದು ಸಲಾಂ ಮಾಡಿದೆ.

ಆ ಕೈಗೆ ಲಕ್ವಾ ಹೊಡೆಯಬಾರದಿತ್ತೆ!

ಮೂರು ದಿನ ನಾನು ನೆಲದ ಮೇಲಿರಲಿಲ್ಲ. ಸಾಹುಕಾರರು ಜಿನ್ನು ಮತ್ತೆ ಕಟ್ಟಿಸುತ್ತಾರೆ ಅಂತ ನಂಬಿದ್ದ ಜನ ಹೋಟೆಲಿನಲ್ಲಿ ಕರೆದು ಕರೆದು ಚಹಾ ಕೊಡಿಸಿದರು. ಡೈರೆಕ್ಟರು ಮದ್ರಾಸಿಗೆ ಕರೆದೊಯ್ಯುವ ಮಾತಾಡಿದರು. ಎರಡನೆಯ ದಿನ ಮ್ಯಾನೇಜರ್ ಒಂದು ಹೇಳಿಕೆ ಬರೆದು ತಂದ. 'ಪ್ರಸಿದ್ಧ ರಾಳ ತಜ್ಞ ಹಯಾತ್ ಸಾಬ್ ಇವರ ಜ್ವಾಲೆ ಗಾಳಿಗೆ ಆಕಸ್ಮಿಕವಾಗಿ ಹತ್ತಿಗೆ ತಗುಲಿ' ಅಂತ ಇತ್ತು. ನನ್ನ ದರಿದ್ರ ಕಣ್ಣಿಗೆ 'ಪ್ರಸಿದ್ಧ' ಎಂಬುದಷ್ಟೇ ಕಂಡಿತು. ಸಹಿ ಹಾಕಿದೆ.

ನಾಲ್ಕನೆಯ ದಿನ ಗೇಟಿಗೆ ನೋಟೀಸು ಅಂಟಿಸಿದರು. ಸುಟ್ಟುಹೋದ ಜಿನ್ನನ್ನು ಮತ್ತೆ ಕಟ್ಟುವುದಿಲ್ಲ. ಸಾಹುಕಾರರು ತಾವಾಗಿ ಬಾಗಿಲು ಮುಚ್ಚಿದ್ದರೆ ಹೆಂಗಸರಿಗೆ ಪರಿಹಾರ ಕೊಡಬೇಕಿತ್ತು. ಆಕಸ್ಮಿಕ ಬೆಂಕಿಯಾದ್ದರಿಂದ ಅವರಿಗೆ ಬಿಡಿಗಾಸೂ ಇಲ್ಲ, ಸಾಹುಕಾರರಿಗೆ ಮಾತ್ರ ಪೂರ್ತಿ ವಿಮೆ. ನಾಟಕ ನೋಡಿ ಇಡೀ ಸೀಮೆ ಕಣ್ಣೀರು ಹಾಕಿದರೆ, ಈ ಮನುಷ್ಯ ಅದರಿಂದ ಕಸುಬು ಕಲಿತಿದ್ದ.

ಮಾಬೂಬೀ ಮನೆಗೆ ಬಂದವಳೇ ರಾಳದ ಡಬ್ಬಿ ತೆಗೆದು ನನ್ನ ಮುಂದೆ ಕುಕ್ಕಿದಳು.

"ತುಂಬಿದ್ದು ತುಂಬಿದಂಗೇ ಐತೆ. ನೀವು ಏನು ಎರಚಿದ್ರಿ?"

ಕಂಡದ್ದನ್ನೆಲ್ಲ ಅವಳಿಗೆ ಹೇಳಿದೆ.

"ಏಳ್ರಿ," ಅಂದಳು. "ಈಗ್ಲೇ ಬರ್ರಿ."

ಸುಡದೆ ಉಳಿದಿದ್ದ ಜಿನ್ನಿನ ಆಫೀಸಿನಲ್ಲಿ ವಿಮೆ ಕಂಪನಿಯ ಅಧಿಕಾರಿ ಕೂತಿದ್ದ, ಪಕ್ಕದಲ್ಲಿ ಉಚ್ಚೆಂಗಪ್ಪನವರು. ಸೀಮೆಎಣ್ಣೆ, ಮ್ಯಾನೇಜರ್, ಎಲ್ಲವನ್ನೂ ಹೇಳಿದೆ. ಡಬ್ಬಿ ತೋರಿಸಿದೆ.

"ರಾಳ ಬಜಾರದಲ್ಲಿ ಸಿಗುತ್ತೆ, ತುಂಬಿಕೊಂಡು ಬಂದಿರಬಹುದು," ಅಂದ ಅಧಿಕಾರಿ. "ಈ ಸಹಿ ನಿಮ್ಮದೇ ತಾನೆ? ಬೆಂಕಿ ನಿಮ್ಮದಲ್ಲ ಅಂದ್ರೆ ಅಷ್ಟು ಜನರ ಎದುರು ಸಲಾಂ ಯಾಕೆ ಮಾಡಿದ್ರಿ?"

ನಾನು ಡಬ್ಬಿಯನ್ನು ಕಂಕುಳಿಗೆ ಸೇರಿಸಿದೆ.

"ಸಾಬ್ರು ಕಲಾವಿದ್ರು," ಅಂದರು ಸಾಹುಕಾರರು, ನನ್ನ ಕಡೆ ತಿರುಗದೆಯೇ. "ಹೆಣ್ಮಕ್ಕಳ ಗಲಾಟಿಗೆ ಹೆದರ್ಯಾರೆ. ನೀರು ಕೊಡ್ರಿ ಅವ್ರಿಗೆ."

ನೀರಿನ ಲೋಟವನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕುಡಿದು ಹೊರಗೆ ಬಂದೆ.

ಗೇಟಿನ ಮುಂದೆ ಹೆಂಗಸರು ಕಾದಿದ್ದರು. ಎಲ್ಲರ ಮುಂದೆ ದ್ಯಾಮವ್ವ. ಗಂಡ ಸತ್ತ ಮೇಲೆ ಆ ಜಿನ್ನಿನ ಕೂಲಿಯಲ್ಲೇ ನಾಲ್ಕು ಮಕ್ಕಳನ್ನು ಸಾಕುತ್ತಿದ್ದವಳು. ಯಾರೂ ಬೈಯಲಿಲ್ಲ. ಅವಳು ಹತ್ತಿರ ಬಂದು ಮೆಲ್ಲಗೆ ಅಂದಳು:

"ಹೋಗ್ಲಿ ಬಿಡ್ರಿ ಅಣ್ಣಾರ. ಕೈ ತಪ್ಪಿದ್ದಕ್ಕೆ ಯಾರೇನು ಮಾಡ್ತಾರೆ? ನೀವೇನು ಬೇಕಂತ ಸುಟ್ರಾ?"

ಆ ಕ್ಷಮೆಯನ್ನು ಬಾಚಿಕೊಂಡು ಮನೆಗೆ ಹೋಗಬಹುದಿತ್ತು. ನಾನು ಹೋಗುತ್ತಿದ್ದೆನೇನೋ. ಮಾಬೂಬೀ ಬಿಡಲಿಲ್ಲ.

"ಇವ್ರು ಸುಟ್ಟಿಲ್ಲವ್ವ," ಅಂದಳು, ಎಲ್ಲರಿಗೂ ಕೇಳುವಂತೆ. "ಸಾಹುಕಾರ ಸುಡಿಸಿದ. ಇವ್ರು ನೋಡಿದ್ರು. ಚಪ್ಪಾಳೆ ಬಿತ್ತು ಅಂತ ಸುಮ್ನಾದ್ರು."

ದ್ಯಾಮವ್ವ ನನ್ನ ಕಡೆ ತಿರುಗಿದಳು.

"ನೀವೇ ಸುಟ್ಟಿದ್ರೆ ಚೊಲೋ ಇತ್ತು," ಅಂದು ಸೆರಗು ಕೊಡವಿಕೊಂಡು ನಡೆದಳು. ಉಳಿದವರೂ ಅವಳ ಹಿಂದೆ ಹೋದರು. ನನ್ನ ಹೆಂಡತಿಯೂ ಅವರ ಜೊತೆಗೇ ಹೋದಳು.