ಸುಬೇದಾರನ ಕಣ್ಣು

ಯರಗುಪ್ಪಿಯ ರೈತ ಸಂಘದ ಹೊಸ ಗೋದಾಮಿಗೆ ತನ್ನ ಮುತ್ತಜ್ಜನ ಹೆಸರು ಇಡಿಸಬೇಕೆಂದು ಹಜರತಅಲಿ ಊರನ್ನೆಲ್ಲ ಕಾಡಿದ್ದ. ಕಡೆಗೆ ಸಂಘದ ಅಧ್ಯಕ್ಷ ಮಡಿವಾಳೆಪ್ಪ, “ಇಟ್ಟಬಿಡ್ರೋ ಮಾರಾಯಾ, ಇಲ್ಲಾಂದ್ರ ಇಂವ ಅದರಾಗ ಒಂದ ಚೀಲಾನೂ ಇಡಗೊಡೂದಿಲ್ಲ” ಎಂದು ಒಪ್ಪಿದ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಸುಬೇದಾರ ಜಹೀರುದ್ದೀನ ಗೋದಾಮು’ ಎಂದು ಬರೆದೂ ಆಗಿತ್ತು. ಉದ್ಘಾಟನೆ ನಾಳೆ.

ಊರಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜಹೀರುದ್ದೀನ ಇಂಗ್ಲಿಷರ ಪಲ್ಟನ್ ಸೇರಿ, ಹಡಗು ಹತ್ತಿ ಆಫ್ರಿಕಾಕ್ಕೆ ಹೋದ. ಲಡಾಯಿ ಮುಗಿದ ಮೇಲೆ, ಹತ್ತಿ ಬೆಳೆಸುವ ಒಂದು ಕುಂಪಣಿಯವರು ಇವನು ಹತ್ತಿ ಬೆಳೆಯುವ ಎರೆಹೊಲದವನೆಂದು ತಿಳಿದು ಬೇಸಾಯದ ಸಲಹೆಗಾರನಾಗಿ ಇಟ್ಟುಕೊಂಡರು. “ಅಲ್ಲಿ ಮಂದಿಗೆ ಒಕ್ಕಲತನ ಕಲಿಸಿದಾಂವ ನಮ್ಮ ಅಜ್ಜ” ಎಂದು ಹಜರತಅಲಿ ಚಹಾದಂಗಡಿಯಲ್ಲಿ ಹೇಳುತ್ತಿದ್ದ. “ಮೀಸಿ ತಿರವೂದನ್ನೂ ಅಂವನ ಕಲಿಸಿದ್ನಂತ?” ಎಂದು ಯಾರಾದರೂ ಕೆಣಕಿದರೆ ಅದಕ್ಕೂ ಹೌದೆನ್ನುತ್ತಿದ್ದ.

ಹತ್ತಿ ಬೇಸಾಯದ ತರಬೇತಿಗೆಂದು ಕೀನ್ಯಾದ ಕೆಲವರು ಧಾರವಾಡಕ್ಕೆ ಬಂದಿದ್ದಾರೆ, ಅವರಲ್ಲೊಬ್ಬಳು ಅಜ್ಜ ಇದ್ದ ಸೀಮೆಯವಳೇ ಎಂದು ತಿಳಿದಾಗ ಅವನು ಸುಮ್ಮನಿರುವುದುಂಟೇ? ಕಾರು ಮಾಡಿಕೊಂಡು ಹೋಗಿ ಕರೆದೇ ತಂದ. ಹೆಸರು ನೀಮಾ. ನಾಳೆ ವೇದಿಕೆಯ ಮೇಲೆ ಅವಳು ಎರಡು ಮಾತು ಆಡಬೇಕು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ಹೇಳಲು ಹಜರತಅಲಿಯ ಮಗಳು ಶಬೀನಾ ಇದ್ದಳು, ಕುಂದಗೋಳದಲ್ಲಿ ಹೈಸ್ಕೂಲ್ ಟೀಚರ್.

ಮೊದಲು ಹೊಲ ತೋರಿಸಲು ಹೋದರು. ಮಡಿವಾಳೆಪ್ಪನೂ ಜೊತೆಗಿದ್ದ. ಹತ್ತಿ ಹೂವಿಗೆ ಬಂದಿತ್ತು. ಹತ್ತಿಯ ಸಾಲುಗಳ ನಡುವೆ ತೊಗರಿಯ ಸಾಲೊಂದು ಕಂಡು ನೀಮಾ ನಿಂತು, ಗಿಡ ಮುಟ್ಟಿ ನೋಡಿದಳು.

“ಇದು ಅಕ್ಕಡಿ ಸಾಲು,” ಎಂದ ಹಜರತಅಲಿ. “ಹತ್ತಿ ಪ್ಯಾಟಿಗೆ, ಅಕ್ಕಡಿ ಮನಿಗೆ. ಹತ್ತಿ ಕೈ ಕೊಟ್ರೂ ಗಡಗಿ ಖಾಲಿ ಇರೂದಿಲ್ಲ. ಅಕ್ಕಡಿ ಹಾಕದಾಂವಗ ನಮ್ಮೂರಾಗ ಹೆಣ್ಣ ಸೈತ ಕೊಡೂದಿಲ್ಲ. ಇದನ್ನ ನಿಮ್ಮ ಮಂದಿಗೆ ಕಲಿಸಿದಾಂವ ನಮ್ಮ ಅಜ್ಜ, ಸುಬೇದಾರ ಜಹೀರುದ್ದೀನ. ಹೇಳವಾ ಅವರಿಗೆ.”

ಶಬೀನಾ ಹೇಳಿದಳು. ನೀಮಾ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದಳು. ತೊಗರಿ ಗಿಡದ ಮೇಲಿಂದ ಕೈ ತೆಗೆದಳು. ಆಮೇಲೆ ಮೆಲ್ಲಗೆ, ಬಹಳ ಹೊತ್ತು ಮಾತಾಡಿದಳು. ಹಜರತಅಲಿ ಮಗಳತ್ತ ತಿರುಗಿದ.

“ಏನಂತಾಳ?”

“ಮನಿಗೆ ಹೋಗೂಣು ನಡೀರಿ, ಅಬ್ಬಾ.”

“ಏನಂತಾಳ ಹೇಳ ಬೇ! ಹೊಗಳಿದ್ರ ನಾ ಏನ ನಾಚೂದಿಲ್ಲ.”

ಶಬೀನಾ ಒಮ್ಮೆ ಮಡಿವಾಳೆಪ್ಪನ ಕಡೆ ನೋಡಿ, ಮನೆಯೊಳಗೆ ಆಡುವ ಉರ್ದುವಿಗೆ ಹೊರಳಿ, ತಂದೆಗಷ್ಟೇ ಎಂಬಂತೆ ಹೇಳಿದಳು.

ನೀಮಾಳ ಊರವರಿಗೆ ಒಕ್ಕಲುತನವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬರೀ ಹತ್ತಿಯನ್ನೇ ಬೆಳೆಯಬೇಕೆಂದು ಕುಂಪಣಿ ಕಟ್ಟಪ್ಪಣೆ ಮಾಡಿದಾಗ, ಅವರು ಹತ್ತಿಯ ಎಲೆಯಡಿ ಅಲಸಂದಿ ಬಳ್ಳಿ ಹಬ್ಬಿಸಿಕೊಂಡು ಮಕ್ಕಳ ಹೊಟ್ಟೆ ಹೊರೆಯುತ್ತಿದ್ದರು. ಕುದುರೆಯ ಮೇಲೆ ಹಾದುಹೋಗುವ ಸಾಹೇಬರಿಗೆ ಅದು ಕಾಣುತ್ತಿರಲಿಲ್ಲ. ಸುಬೇದಾರ ಬಂದ. ಹೊಲದೊಳಗೆ ಇಳಿದು, ಬಗ್ಗಿ, ಎಲೆ ಸರಿಸಿ ನೋಡಿದ. ಮನೆಗೆಂದು ಬಿತ್ತುವ ಸಾಲನ್ನು ಯಾರು ಎಲ್ಲಿ ಹಾಕಿರುತ್ತಾರೆಂದು ಅವನಿಗೆ ಗೊತ್ತಿತ್ತು. ಒಂದೂ ಬಿಡದೆ ಕೀಳಿಸಿದ. ಆ ವರ್ಷ ಜನ ಅಡವಿಯ ಬೇರು ತಿಂದರು. ಬೇರು ಸಿಗದವರು ಸತ್ತರು. ಇವತ್ತಿಗೂ ಅಲಸಂದಿ ಬಿತ್ತುವಾಗ ಅಲ್ಲಿಯ ಹೆಂಗಸರು ‘ಸುಬೇದಾರನ ಕಣ್ಣು ಬೀಳದಿರಲಿ’ ಎನ್ನುತ್ತಾರಂತೆ.

ಹಜರತಅಲಿ ತೊಗರಿಯ ಸಾಲಿನಿಂದ ಈಚೆ ಸರಿದ. ಏನೂ ತಿಳಿಯದ ಸಾಹೇಬನೊಬ್ಬ ಮಾಡಿದ್ದರೆ ಬೇರೆ ಮಾತು. ಮಾಡಿದವನು ಅಕ್ಕಡಿ ಉಂಡು ಬೆಳೆದ ಯರಗುಪ್ಪಿಯವನು. ಇಲ್ಲಿ ಕಲಿತದ್ದನ್ನೇ ಅಲ್ಲಿಯವರ ಮೇಲೆ ತಿರುಗಿಸಿದ್ದ. ದಾರಿಯುದ್ದಕ್ಕೂ ಹಜರತಅಲಿ ಎಲ್ಲರ ಹಿಂದೆ ನಡೆದ.

ಮನೆಯಲ್ಲಿ ಹೆಂಡತಿ ಶಮೀಮಾಬಿ ಮಡಿವಾಳೆಪ್ಪನನ್ನೂ ಕೂರಿಸಿ ಎಲ್ಲರಿಗೂ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಬಡಿಸಿದಳು. ಊಟದ ನಡುವೆ ನೀಮಾ ಹೇಳಿದ್ದನ್ನು ಶಬೀನಾ ಮತ್ತೆ ಉರ್ದುವಿನಲ್ಲೇ ತಂದೆಗೆ ತಿಳಿಸಿದಳು: ನಾಳೆ ನಾನು ವೇದಿಕೆ ಹತ್ತಲಾರೆ. ಆದರೆ ಯಾರ ಮುಂದೆಯೂ ಏನೂ ಹೇಳುವುದಿಲ್ಲ. ನೀವು ನನ್ನನ್ನು ಪ್ರೀತಿಯಿಂದ ಕರೆತಂದವರು.

ಹಾಗಾದರೆ ಯಾರಿಗೂ ತಿಳಿಯುವುದಿಲ್ಲ, ಅಂದುಕೊಂಡ ಹಜರತಅಲಿ. ಅವಳಿಗೆ ಜ್ವರ ಬಂತು ಎಂದರಾಯಿತು. ಹೆಸರು ಉಳಿಯುತ್ತದೆ. ಇಷ್ಟೆಲ್ಲ ಒಂದು ತುತ್ತು ನುಂಗುವಷ್ಟರಲ್ಲಿ ತನಗೆ ಹೊಳೆದದ್ದು ಕಂಡು ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗಿಟ್ಟ.

“ಹಜರತ್, ನಾಳಿನ ಹಾರ ಎಲ್ಲಿಂದ ತರಸೂಣು?” ಮಡಿವಾಳೆಪ್ಪ ತಾಟಿನಿಂದ ಕಣ್ಣೆತ್ತದೆ ಕೇಳಿದ.

“ಹಾರ ಬ್ಯಾಡ.” ನೀರು ಕುಡಿದ. “ಹೆಸರೂ ಬ್ಯಾಡ. ಅಳಿಸಿ ಬಿಡೂಣು.”

ಹೊಲದಲ್ಲಿ ಕೇಳಿದ್ದನ್ನೆಲ್ಲ ಕನ್ನಡದಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೂ ಕೇಳುವಂತೆ ಹೇಳಿದ. ‘ನಮ್ಮ ಅಜ್ಜ’ ಎನ್ನುವಲ್ಲಿ ಪ್ರತಿ ಸಲವೂ ದನಿ ಇಳಿಯಿತು.

“ಗೊತ್ತೈತೋ,” ಎಂದ ಮಡಿವಾಳೆಪ್ಪ. “ಹುಟ್ಟಿದಾಗಿಂದ ನಿಮ್ಮ ಬಾಜೂ ಮನಿಯಾಗ ಅದೀನಿ. ನಿಮ್ಮವ್ವನ ಕಡೆ ಉರ್ದುದಾಗ ಬೈಸಿಕೊಂಡಿದ್ದು ನಿನಗಿಂತ ನಾನ ಹೆಚ್ಚ.”

“ಮತ್ತ ಹೊಲದಾಗ ಯಾಕ ಸುಮ್ಮನಿದ್ದಿ?”

“ಅಜ್ಜ ನಿಮ್ಮಾಂವ. ನಾ ಏನಂತ ಬಾಯಿ ತಗೀಲಿ? ನೀ ಮುಚ್ಚಿಟ್ಟಿದ್ರ ನಾನೂ ಮುಚ್ಚಿಡತಿದ್ದೆ.”

ಬೈದಿದ್ದರೆ ಹಜರತಅಲಿಗೆ ಹಗುರಾಗುತ್ತಿತ್ತು. ಮಾತು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದಳು ನೀಮಾ.

“ಅವರಿಗೆ ಏನ ಹೇಳ್ಲಿ, ಅಬ್ಬಾ?”

ತಪ್ಪಾಯಿತು ಎನ್ನಲು ಬಾಯಿ ತೆರೆದ. ಸತ್ತವರ ಮುಂದೆ ಆ ಮಾತು ತೀರ ಸಣ್ಣದೆನಿಸಿತು. “ಹೆಸರು ಅಳಸ್ತಾರ ಅಂತ ಹೇಳು,” ಎಂದ. “ಮತ್ತ... ಇನ್ನೊಂದ ರೊಟ್ಟಿ ಹಾಕಸ್ಕೋ ಅಂತ ಹೇಳು.”

ಸಂಜೆ ಏಣಿ, ಸುಣ್ಣದ ಡಬ್ಬಿ ಹಿಡಿದುಕೊಂಡು ಗೋದಾಮಿಗೆ ಹೋದ. ಪೇಂಟರನನ್ನು ಕರೆಸುತ್ತೇನೆಂದು ಮಡಿವಾಳೆಪ್ಪ ಅಂದರೂ ಕೇಳಲಿಲ್ಲ. ಏಣಿ ಹತ್ತಿ ಅರ್ಧ ಹೆಸರು ಅಳಿಸುವಷ್ಟರಲ್ಲಿ, ಕೆಳಗೆ ಉಡಚಪ್ಪ ಬೈಕ್ ನಿಲ್ಲಿಸಿದ. ಸಂಘದವರು ಆ ಹೆಸರು ಒಪ್ಪಿದಾಗ ಜೋರಾಗಿ ಚಪ್ಪಾಳೆ ತಟ್ಟಿದ್ದ ಹುಡುಗ.

“ಏನ ಕಾಕಾ, ಪೇಂಟರ್ ತಪ್ಪ ಬರದಿದ್ನೇನು?”

ಹೌದು ಎಂದರೆ ಅವನು ನಕ್ಕು ಮುಂದೆ ಹೋಗುತ್ತಿದ್ದ. ಹಜರತಅಲಿ ಕುಂಚವನ್ನು ಡಬ್ಬಿಯೊಳಗಿಟ್ಟ.

“ಅಂವ ಬರೋಬರಿ ಬರದಿದ್ದ. ಗಾಡಿ ಬಂದ್ ಮಾಡು. ಇಳದ ಬಂದು ಹೇಳ್ತೀನಿ.”